ಎಲ್ ಬೋರ್ಡ್ ಯಾರಿಗಾಗಿ?

ಏರು ರಸ್ತೆಯಲ್ಲಿ ಡ್ರೈವಿಂಗ್ ಸ್ಕೂಲಿನ ಕಾರೊಂದು ನಿಂತುಬಿಟ್ಟಿದೆ. ಕ್ಲಚ್ ಬೇಗ ಬಿಟ್ಟದ್ದರಿಂದ ಇಂಜಿನ್ ಆಫ್ ಆಗಿದೆ. ಹಿಂಬದಿಯ ಗಾಜಿನ ಮೇಲೆ ಕೆಂಪು ‘ಎಲ್’ ಎಲ್ಲರಿಗೂ ಕಾಣುವಂತಿದೆ. ಆದರೂ ಹಿಂದಿದ್ದ ಬಸ್ಸು, ಆಟೋ, ಬೈಕುಗಳೆಲ್ಲ ಒಟ್ಟಿಗೇ ಹಾರ್ನ್ ಒತ್ತುತ್ತವೆ. ಸ್ಟಿಯರಿಂಗ್ ಹಿಡಿದ ಹುಡುಗಿ ಗಾಬರಿಯಲ್ಲಿ ಮತ್ತೊಮ್ಮೆ ಕ್ಲಚ್ ಬಿಡುತ್ತಾಳೆ. ಕಾರು ಮತ್ತೊಮ್ಮೆ ನಿಲ್ಲುತ್ತದೆ. ನಮ್ಮ ಯಾವ ಊರಲ್ಲೂ ಕಾಣಸಿಗುವ ದೃಶ್ಯವಿದು. ಹಾಗಾದರೆ ಆ ಕೆಂಪು ಅಕ್ಷರವನ್ನು ಅಲ್ಲಿ ಅಂಟಿಸಿರುವುದಾದರೂ ಯಾರಿಗಾಗಿ? ಅದು ಹುಟ್ಟಿದ ಕಾಲವನ್ನು ನೋಡಿದರೆ ಒಂದಿಷ್ಟು ಉತ್ತರ ಸಿಗುತ್ತದೆ.

ಬ್ರಿಟನ್ನಿನಲ್ಲಿ ವಾಹನ ಚಾಲಕರಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ದು 1903ರ ಕಾನೂನು. ಐದು ಶಿಲ್ಲಿಂಗ್ ಕಟ್ಟಿದರೆ ಲೈಸೆನ್ಸ್ ಸಿಗುತ್ತಿತ್ತು. ಕಾರು ಓಡಿಸಲು ಬರುತ್ತದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಮೂವತ್ತು ವರ್ಷ ಹೀಗೆಯೇ ನಡೆಯಿತು. ಸಾಲದೆಂಬಂತೆ 1930ರಲ್ಲಿ ಕಾರುಗಳ ಮೇಲಿದ್ದ ಗಂಟೆಗೆ 20 ಮೈಲಿಯ ಮಿತಿಯನ್ನೂ ತೆಗೆದುಹಾಕಲಾಯಿತು. 1934ರ ಹೊತ್ತಿಗೆ ಆ ದೇಶದಲ್ಲಿ ಸುಮಾರು 24 ಲಕ್ಷ ವಾಹನಗಳಿದ್ದವು. ಆ ಒಂದೇ ವರ್ಷ ರಸ್ತೆಗಳಲ್ಲಿ 7,343 ಜನ ಪ್ರಾಣ ಕಳೆದುಕೊಂಡರು. ಆಗ ಸಾರಿಗೆ ಸಚಿವರಾದವರು ಲೆಸ್ಲಿ ಹೋರ್-ಬೆಲಿಶಾ. ಲಂಡನ್ನಿನ ಕ್ಯಾಮ್ಡೆನ್ ಬೀದಿಯನ್ನು ದಾಟುವಾಗ ವೇಗವಾಗಿ ಬಂದ ಕಾರೊಂದು ಸ್ವತಃ ಈ ಸಚಿವರಿಗೇ ಗುದ್ದುವುದರಲ್ಲಿತ್ತು. ಪಾದಚಾರಿಗಳು ದಾಟುವ ಜಾಗಗಳಿಗೆ ದೀಪದ ಕಂಬ, ಊರೊಳಗೆ 30 ಮೈಲಿಯ ವೇಗಮಿತಿ, ಹೊಸ ಚಾಲಕರಿಗೆ ಪರೀಕ್ಷೆ, ಇವೆಲ್ಲ ಅವರ ಕಾಲದಲ್ಲಿ ಬಂದವು.

1935ರ ಮಾರ್ಚ್‌ನಲ್ಲಿ ಐಚ್ಛಿಕವಾಗಿ ಆರಂಭವಾದ ಪರೀಕ್ಷೆ ಜೂನ್ 1ರಿಂದ ಕಡ್ಡಾಯವಾಯಿತು. ಪರೀಕ್ಷಾ ಕೇಂದ್ರಗಳೆಂಬುವು ಇನ್ನೂ ಇರಲಿಲ್ಲ. ಪರೀಕ್ಷಕರು ರೈಲು ನಿಲ್ದಾಣದ ಎದುರೋ ಪಾರ್ಕಿನ ಬಳಿಯೋ ಅಭ್ಯರ್ಥಿಗಳನ್ನು ಭೇಟಿಯಾಗುತ್ತಿದ್ದರು. ಕಲಿಯುವವರು ವಾಹನದ ಹಿಂದೆ ಮುಂದೆ ‘ಎಲ್’ ಹಲಗೆ ತೂಗುಹಾಕಬೇಕಾಯಿತು. 1934ರ ಏಪ್ರಿಲ್‌ಗೆ ಮೊದಲೇ ಲೈಸೆನ್ಸ್ ಪಡೆದವರಿಗೆ ಮಾತ್ರ ಇದಾವುದೂ ಇಲ್ಲ. ಹಳಬರೆಲ್ಲ ಪರಿಣತರೆಂಬ ನಂಬಿಕೆ ಕಾನೂನಿಗೂ ಇತ್ತು ನೋಡಿ! ಮರುವರ್ಷ ಸಾವುಗಳು ಇಳಿದವು ನಿಜ. ಆದರೆ ವೇಗಮಿತಿ ಬಂದದ್ದೂ ಅದೇ ವರ್ಷವಾದ್ದರಿಂದ ಪೂರ್ತಿ ಶ್ರೇಯಸ್ಸನ್ನು ಪರೀಕ್ಷೆಗೂ ಹಲಗೆಗೂ ಕೊಡುವಂತಿಲ್ಲ.

ಈ ವ್ಯವಸ್ಥೆ ಅಲ್ಲಾಡಿದ ಒಂದು ಪ್ರಸಂಗ ಕುತೂಹಲಕರ. 1956ರಲ್ಲಿ ಈಜಿಪ್ಟಿನ ಅಧ್ಯಕ್ಷ ಜಮಾಲ್ ಅಬ್ದುಲ್ ನಾಸಿರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದರು. ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ದಾಳಿ ನಡೆಸಿದವು, ಕಾಲುವೆ ಮುಚ್ಚಿತು, ಬ್ರಿಟನ್ನಿಗೆ ತೈಲ ಬರುವುದು ಕಷ್ಟವಾಯಿತು. ಪೆಟ್ರೋಲ್ ಪಡಿತರದ ಕೆಲಸಕ್ಕೆ ಜನ ಬೇಕಾದಾಗ ಚಾಲನಾ ಪರೀಕ್ಷಕರನ್ನೇ ಅಲ್ಲಿಗೆ ಹಾಕಿದರು. ನವೆಂಬರ್‌ನಿಂದ ಮರುವರ್ಷದ ಏಪ್ರಿಲ್‌ವರೆಗೆ ಪರೀಕ್ಷೆಗಳು ನಿಂತವು. ಕಲಿಯುವವರು ಪಕ್ಕದಲ್ಲಿ ಯಾರೂ ಇಲ್ಲದೆ ತಾವೇ ಓಡಿಸಬಹುದೆಂದು ಸರಕಾರ ಅನುಮತಿ ಕೊಟ್ಟಿತು. ಆ ತಿಂಗಳುಗಳಲ್ಲಿ ಒಂಟಿ ಕಲಿಕೆಗಾರನಿಗೆ ಇದ್ದದ್ದು ಹಲಗೆಯೊಂದೇ.

ಬ್ರಿಟಿಷ್ ಕ್ರಮದಲ್ಲಿ ಒಂದು ತೊಡಕಿದೆ. ಪರೀಕ್ಷೆ ಪಾಸಾದ ದಿನವೇ ‘ಎಲ್’ ಕೆಳಗಿಳಿಯುತ್ತದೆ. ನಿಜವಾದ ಅಪಾಯ ಶುರುವಾಗುವುದಾದರೋ ಆ ದಿನದಿಂದ. ಏಕೆಂದರೆ ಬ್ರೇಕ್ ಒತ್ತಲು ಪಕ್ಕದಲ್ಲಿ ಕಲಿಸುವವರು ಇರುವುದಿಲ್ಲ. ಉತ್ತರ ಐರ್ಲೆಂಡ್ 1968ರಲ್ಲೇ ಇದನ್ನು ಮನಗಂಡು, ಪಾಸಾದವರಿಗೆ ಒಂದು ವರ್ಷ ‘ಆರ್’ ಹಲಗೆಯನ್ನೂ 45 ಮೈಲಿಯ ಮಿತಿಯನ್ನೂ ವಿಧಿಸಿತು. ಇದಕ್ಕಿಂತ ಬೇರೆಯದೇ ದಾರಿ ಹಿಡಿದದ್ದು ಜಪಾನ್.

1970ರಲ್ಲಿ ಜಪಾನಿನ ರಸ್ತೆಗಳಲ್ಲಿ 16,765 ಜನ ಸತ್ತರು. ಅದನ್ನು ಅಲ್ಲಿಯವರು ‘ಸಂಚಾರ ಯುದ್ಧ’ ಎಂದೇ ಕರೆದರು. ಎರಡು ವರ್ಷಗಳ ನಂತರ, 1972ರ ಅಕ್ಟೋಬರ್‌ನಲ್ಲಿ, ಹೊಸ ಚಾಲಕರ ಗುರುತು ಜಾರಿಗೆ ಬಂತು. ಅದರಲ್ಲಿ ಅಕ್ಷರವಿಲ್ಲ. ಅರ್ಧ ಹಳದಿ, ಅರ್ಧ ಹಸಿರು ಬಣ್ಣದ, ಬಾಣದ ತುದಿಯಂಥ ಆಕೃತಿ. ಜನ ಅದನ್ನು ‘ವಕಬಾ’ ಎನ್ನುತ್ತಾರೆ, ಅಂದರೆ ಚಿಗುರೆಲೆ. ಲೈಸೆನ್ಸ್ ಸಿಕ್ಕ ನಂತರ ಒಂದು ವರ್ಷ ಅದನ್ನು ಕಾರಿನ ಹಿಂದೆ ಮುಂದೆ ಅಂಟಿಸಿರಬೇಕು. ಇಲ್ಲದಿದ್ದರೆ ದಂಡ. ಇಷ್ಟೇ ಆಗಿದ್ದರೆ ಬ್ರಿಟನ್ನಿನ ಹಲಗೆಗೂ ಇದಕ್ಕೂ ದೊಡ್ಡ ವ್ಯತ್ಯಾಸವಿರುತ್ತಿರಲಿಲ್ಲ. ಜಪಾನಿನ ಕಾನೂನು ಇನ್ನೊಂದು ಮಾತನ್ನೂ ಸೇರಿಸಿತು. ಚಿಗುರೆಲೆ ಅಂಟಿಸಿದ ಕಾರಿನ ಮುಂದೆ ಏಕಾಏಕಿ ನುಗ್ಗುವುದು, ಅದರ ಪಕ್ಕಕ್ಕೆ ಒತ್ತಿಕೊಂಡು ಹೋಗುವುದು ಅಪರಾಧ, ಅಪಾಯ ತಪ್ಪಿಸಲು ಅನಿವಾರ್ಯವಾದಾಗ ಬಿಟ್ಟು. ಅಂದರೆ ಆ ಗುರುತು ಹೊಸಬನ ಮೇಲೆ ಎಷ್ಟು ಹೊಣೆ ಹೊರಿಸುತ್ತದೋ, ಅನುಭವಿಗಳ ಮೇಲೂ ಅಷ್ಟೇ ಹೊರಿಸುತ್ತದೆ.

ವೃದ್ಧ ಚಾಲಕರಿಗಾಗಿ 1997ರಲ್ಲಿ ಇಂಥದೇ ಇನ್ನೊಂದು ಗುರುತು ಬಂತು. ಹಳದಿ-ಕಿತ್ತಳೆ ಬಣ್ಣದ ಅದನ್ನು ಶರತ್ಕಾಲದ ಎಲೆಯೆಂದರು. ನಮ್ಮನ್ನು ಉದುರುವ ಎಲೆ ಮಾಡಿದ್ದೀರಾ ಎಂದು ಹಿರಿಯರು ಬೇಸರಗೊಂಡರು. 2008ರಲ್ಲಿ 75 ದಾಟಿದವರಿಗೆ ಅದನ್ನು ಕಡ್ಡಾಯ ಮಾಡಿದ ಸರಕಾರ ಮರುವರ್ಷವೇ ಹಿಂದೆ ಸರಿಯಿತು. 2011ರಲ್ಲಿ ಗುರುತನ್ನೇ ಬದಲಿಸಿ ನಾಲ್ಕೆಸಳಿನ ಎಲೆಯ ರೂಪ ಕೊಟ್ಟರು. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆಂದು ನಮ್ಮಲ್ಲಿ ಗಾದೆಯಿದೆ. ಅಲ್ಲಿ ಚಿಗುರೆಲೆಯನ್ನು ಅಂಟಿಸಿಕೊಳ್ಳಲು ಅಷ್ಟಾಗಿ ಸಂಕೋಚಪಡದವರು ಹಣ್ಣೆಲೆಯನ್ನು ಒಪ್ಪಲಿಲ್ಲ.

ನಮಗೆ ಬಂದದ್ದು ಬ್ರಿಟನ್ನಿನ ಹಲಗೆ. ಅಲ್ಲಿನ ಹಲಗೆ 7 ಅಂಗುಲ ಚೌಕ, ಅಕ್ಷರ 4 ಅಂಗುಲ ಎತ್ತರ, ಮೂರೂವರೆ ಅಂಗುಲ ಅಗಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮವನ್ನು ತೆರೆದು ನೋಡಿ. ಹಲಗೆ 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ, ಬುಡದಲ್ಲಿ 9 ಸೆಂಟಿಮೀಟರ್ ಅಗಲ, ಬಿಳಿಯ ಮೇಲೆ ಕೆಂಪು. ಅಂಗುಲ ಹೋಗಿ ಸೆಂಟಿಮೀಟರ್ ಬಂದಿದೆ, ಅಷ್ಟೇ. ಕಲಿಯುವವರ ಪಕ್ಕದಲ್ಲಿ ವಾಹನವನ್ನು ನಿಲ್ಲಿಸಬಲ್ಲಂತೆ ಲೈಸೆನ್ಸ್ ಇರುವವರು ಕುಳಿತಿರಬೇಕೆಂದೂ ಆ ನಿಯಮ ಹೇಳುತ್ತದೆ. ಹಿಂದೆ ಬರುವವರು ಏನು ಮಾಡಬೇಕೆಂದು ಅದರಲ್ಲಿ ಒಂದು ಪದವೂ ಇಲ್ಲ. 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತ ದೇಶ ನಮ್ಮದು.

ಲೈಸೆನ್ಸ್ ಕೈಗೆ ಬಂದ ಮೇಲೂ ಕೆಲವು ತಿಂಗಳು ‘ಎಲ್’ ಕೀಳದೆ ಓಡಾಡುವವರು ನಮ್ಮಲ್ಲಿದ್ದಾರೆ. ಸ್ನೇಹಿತರು ನಗುತ್ತಾರೆ, ಇನ್ನೂ ಎಲ್ ಬೋರ್ಡಾ ಎಂದು ಕೇಳುತ್ತಾರೆ. ಅವರಿಗೆ ಅದನ್ನು ಇಟ್ಟುಕೊಳ್ಳಲು ಯಾವ ಕಾನೂನೂ ಹೇಳಿಲ್ಲ. ಹಿಂದಿನ ಬಸ್ಸಿನವನು ಅದನ್ನು ಓದಿಯಾನು ಎಂಬ ಆಸೆ ಅಷ್ಟೆ.