ರಟ್ಟಿನ ಒಳಮೈಯ ಇಸವಿ

ಮಳೆಗಾಲ ಕಳೆದು ಅಂಗಳಕ್ಕೆ ಅಡಿಕೆ ಬರುವುದರೊಳಗೆ ನಾಲ್ಕು ದಿನ ಒಳ್ಳೆ ಬಿಸಿಲು ಸಿಗುತ್ತಲ್ಲ, ನಮ್ಮ ಸಿದ್ದಾಪುರದ ಮನೆಯಲ್ಲಿ ಅದು ಪುಸ್ತಕಗಳ ಪಾಲು. ಹೋದ ವರ್ಷ ಮೆತ್ತಿಯ ಪೆಟ್ಟಿಗೆಯಿಂದ ಹಳೇ ಜೈಮಿನಿ ಭಾರತವನ್ನು ಎತ್ತಿದೆ, ನೋಡಿ, ಮೇಲಿನ ರಟ್ಟು ಕೈಯಲ್ಲಿ ಜೋಲಾಡಿತು. ಒಳಗಿನ ಪುಸ್ತಕ ಒಂದು ಕಡೆ, ರಟ್ಟು ಇನ್ನೊಂದು ಕಡೆ. ಎರಡನ್ನೂ ಹಿಡಿದಿದ್ದು ಒಂದು ಹಳದಿ ಹಾಳೆ ಮಾತ್ರ.

ಮುಖಪುಟ ಯಾವತ್ತೋ ಹೋಗಿದೆ. ಅಚ್ಚಾದದ್ದು ಎಲ್ಲಿ, ಯಾವಾಗ, ಒಂದೂ ಇಲ್ಲ. ಆದರೆ ರಟ್ಟಿನ ಒಳಮೈಗೆ ಅಂಟಿದ ಆ ಹಾಳೆಯ ಮೇಲೆ ಮುತ್ತಜ್ಜನ ಕೈಬರಹ ಇದೆ: ತನ್ನ ಹೆಸರು, ಊರು, ಕೆಳಗೆ ‘ಜಪ್ತಿಯಲ್ಲಿ ಉಳಿದದ್ದು, 1932’.

ಈ ಭಾಗದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲಾ ಕಡೆಯ ರೈತರು ಕಂದಾಯ ಕಟ್ಟಲಿಲ್ಲ. ಸರ್ಕಾರ ಗದ್ದೆ, ತೋಟ, ದನ, ಪಾತ್ರೆ ಎಲ್ಲ ಜಪ್ತಿ ಮಾಡಿತು. 1937ರಲ್ಲಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಮೀನು ಹಿಂದಿರುಗಿಸುವ ಕಾಯ್ದೆ ಆಯಿತು. ಪಾತ್ರೆಗಳು ಹೋದವು ಹೋದವೇ. ನಮ್ಮನೆಯಲ್ಲಿ ಈ ಪುಸ್ತಕವನ್ನು ಕೊಟ್ಟಿಗೆಯ ದರಕಿನ ರಾಶಿಯೊಳಗೆ ಹುಗಿಸಿಟ್ಟಿದ್ದರಂತೆ. ಅಲ್ಲಿ ಕುಡಿದ ತಂಡಿಯೇ ಇದರ ಬೆನ್ನು ಮುರಿದಿರಬೇಕು. ಜಪ್ತಿ ಆಗಿತ್ತು ಎನ್ನುವುದಕ್ಕೆ ಮನೆಯಲ್ಲಿ ಉಳಿದ ಕಾಗದ ಇದೊಂದೇ.

ಪೇಟೆಯ ಬೈಂಡಿಂಗಿನವರಿಗೆ ತೋರಿಸಿದೆ. ‘ಹಳೇ ರಟ್ಟು ಕಿತ್ತು ಒಳ್ಳೆ ರೆಕ್ಸಿನ್ ಹಾಕಿಕೊಡ್ತೇನೆ, ಅಂಚೂ ಕತ್ತರಿಸಿ ಹೊಸದರ ಹಾಗೆ ಮಾಡ್ತೇನೆ’ ಅಂದರು. ಅವರ ಲೆಕ್ಕದಲ್ಲಿ ಅದು ಸರಿಯೇ. ಆದರೆ ಹಳೇ ರಟ್ಟಿನ ಜೊತೆ 1932ನೇ ಇಸವಿಯೂ ಕಸಕ್ಕೆ ಹೋಗುತ್ತಿತ್ತು. ಪುಸ್ತಕ ವಾಪಸ್ ತಂದೆ. ಆಯಿ ಕೇಳಿದಳು, ‘ಬಾಗ್ಲು ಕಳಚಿತು ಹೇಳಿ ಮನೆ ಬಿಡಲೆ ಆಗ್ತಾ ತಮಾ?’

ಬಾಗಿಲು ಅಂದದ್ದು ಸರಿಯಾಗಿದೆ. ರಟ್ಟು ಪುಸ್ತಕದ ಬಾಗಿಲು, ಅದು ತಿರುಗುವ ಸಂದೇ ಬಿಜಾಗರಿ. ಈ ಬಿಜಾಗರಿ ಯಾಕಿಷ್ಟು ಬಡಪಾಯಿ ಅಂತ ನೋಡಿದರೆ, ಅದಕ್ಕೂ ಒಂದು ಚರಿತ್ರೆ ಇದೆ.

ನಮ್ಮ ಹಿರಿಯರ ಪುಸ್ತಕಕ್ಕೆ ಸಂದೇ ಇರಲಿಲ್ಲ. ಓಲೆಗರಿ, ಅದಕ್ಕೆ ತೂತು, ತೂತಿಗೆ ದಾರ, ಮೇಲೆ ಕೆಳಗೆ ಮರದ ಪಟ್ಟಿ. ದಾರ ಹರಿದರೆ ಇನ್ನೊಂದು ದಾರ, ಅಷ್ಟೇ. ಯುರೋಪಿನ ಹಳೇ ಪುಸ್ತಕಗಳೂ ಗಟ್ಟಿಯೇ. ಹಾಳೆ ಹೊಲಿದ ಹುರಿಯ ತುದಿಗಳನ್ನೇ ರಟ್ಟಿನ ತೂತಿನೊಳಗೆ ಪೋಣಿಸುತ್ತಿದ್ದರು.

1820ರ ದಶಕದಲ್ಲಿ ಲಂಡನ್ನಿನ ಪ್ರಕಾಶಕ ಪಿಕರಿಂಗ್, ಬೈಂಡಿಂಗಿನ ಲೇಟನ್ ಸೇರಿ ಪುಸ್ತಕಕ್ಕೆ ತೊಗಲಿನ ಬದಲು ಬಟ್ಟೆ ಹೊದಿಸುವುದನ್ನು ಶುರು ಮಾಡಿದರು. ಅದರ ಬೆನ್ನಿಗೇ ರಟ್ಟಿನ ಹೊದಿಕೆಯನ್ನು ಬೇರೆಯಾಗಿ ನೂರಾರು ಸಂಖ್ಯೆಯಲ್ಲಿ ತಯಾರಿಸಿ ಕೊನೆಗೆ ಪುಸ್ತಕಕ್ಕೆ ಅಂಟಿಸುವ ಪದ್ಧತಿ ಬಂತು. ಪುಸ್ತಕ ಅಗ್ಗವಾಯಿತು, ಬಡವರ ಮನೆಗೂ ಬಂತು. ಆದರೆ ಅಷ್ಟೂ ಭಾರ ಈಗ ಸೊಳ್ಳೆಪರದೆಯಂಥ ಒಂದು ತೆಳು ಬಟ್ಟೆ, ಒಂದು ಹಾಳೆ, ಒಂದಿಷ್ಟು ಅಂಟಿನ ಮೇಲೆ.

ನಮ್ಮ ಕರಾವಳಿಗೆ ಅಚ್ಚು ತಂದವರು ಬಾಸೆಲ್ ಮಿಶನ್ನಿನವರು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚು ಹೂಡಿದರು. 1843ರಲ್ಲಿ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು. ಅವರು ಅಚ್ಚು ಹಾಕಿಸಿದ ಹಳೇ ಕಾವ್ಯಗಳಲ್ಲಿ ಜೈಮಿನಿ ಭಾರತವೂ ಒಂದು. ಆಮೇಲೆ ಬೇರೆ ಬೇರೆ ಮುದ್ರಣಾಲಯದವರು ಅದನ್ನು ಎಷ್ಟು ಸಲ ಅಚ್ಚು ಮಾಡಿದರೋ! ಸಿರಸಿ, ಸಿದ್ದಾಪುರ, ಯಲ್ಲಾಪುರದ ಮೆತ್ತಿಗಳಲ್ಲಿ ಇವತ್ತಿಗೂ ಹುಡುಕಿದರೆ ಸಿಕ್ಕೀತು.

ಆಗಿನ ಅಂಟು ಹಿಟ್ಟಿನದು. ಹಿಟ್ಟು ಅಂದರೆ ಹುಳುಗಳಿಗೆ ಊಟ. ಅದಕ್ಕೆ ಬೈಂಡಿಂಗಿನವರು ಅಂಟಿಗೆ ಚೂರು ಮೈಲುತುತ್ತ ಸೇರಿಸುತ್ತಿದ್ದರು. ನಮ್ಮ ತೋಟದ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಅದೇ ನೀಲಿ ಹರಳು! ದ್ರಾಕ್ಷಿಗೆಂದು ಫ್ರಾನ್ಸಿನ ಬೋರ್ಡೋದಲ್ಲಿ 1885ರ ಹೊತ್ತಿಗೆ ರೂಢಿಗೆ ಬಂದ ದ್ರಾವಣವನ್ನು ಅಡಿಕೆಗೆ ತಂದವರು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್. ಕೊಳೆರೋಗದ ಮೇಲಿನ ಅವರ ಅಧ್ಯಯನ ಅಚ್ಚಾದದ್ದು 1910ರಲ್ಲಿ. ಆದರೆ ಪುಸ್ತಕಕ್ಕೆ ಈಗ ಮೈಲುತುತ್ತ ಬೇಡ. ಅದು ವಿಷ, ಮೇಲಾಗಿ ತಾಮ್ರದ ಅಂಶ ಕಾಗದವನ್ನು ಬೇಗ ಮುಪ್ಪಾಗಿಸುತ್ತೆ.

ಸರಿ, ರಿಪೇರಿ. ಸಂದು ಸಡಿಲವಾಗಿ ಹಾಳೆ ಪೂರ್ತಿ ಹರಿಯದೆ ಇದ್ದರೆ ಮನೆಯಲ್ಲೇ ಆಗುತ್ತೆ. ಮೈದಾ ಹಿಟ್ಟನ್ನು ನೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ತಿರುವಿ, ಗಂಜಿಯಷ್ಟು ದಪ್ಪ ಮಾಡಿ ಆರಿಸಿದೆ. ಫೆವಿಕಾಲ್ ಗಟ್ಟಿ ಹೌದು, ಆದರೆ ಮುಂದೆ ಬಿಡಿಸಬೇಕೆಂದರೆ ಹಾಳೆಯನ್ನೇ ಕಿತ್ತುಕೊಂಡು ಬರುತ್ತೆ. ಮೈದಾ ಅಂಟು ನೀರಿಗೆ ಮೆತ್ತಗಾಗುತ್ತೆ. ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ರಟ್ಟನ್ನು ತುಸುವೇ ತೆರೆದೆ. ತೆಂಗಿನ ಹಿಡಿಕಡ್ಡಿಗೆ ತೆಳುವಾಗಿ ಅಂಟು ಸವರಿ, ರಟ್ಟಿಗೂ ಹೊಲಿಗೆಗೂ ನಡುವಿನ ಸಂದಿಯಲ್ಲಿ ಮೇಲಿಂದ ಅರ್ಧ, ಕೆಳಗಿಂದ ಅರ್ಧ ಇಳಿಸಿ ಹೊರಳಿಸಿದೆ. ಬೆನ್ನಿನ ಬಟ್ಟೆಗೆ ಅಂಟು ತಾಗಬಾರದು, ತಾಗಿದರೆ ಪುಸ್ತಕ ಬಿಚ್ಚುವಾಗ ಬೆನ್ನು ಬಿರಿಯುತ್ತೆ. ಒಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಿ, ಹೊರಗಿನ ಗೆರೆಯ ಗುಂಟ ಬೆರಳಲ್ಲಿ ಒತ್ತಿ, ಮೇಲೆ ಮಣೆ, ಮಣೆಯ ಮೇಲೆ ಒರಳುಗುಂಡು. ಒಂದು ರಾತ್ರಿ, ಒಂದು ಹಗಲು. ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಅಂಟು ಒಣಗುವ ಮೊದಲೇ ಬೂಸ್ಟು ಬರುತ್ತೆ.

ಮರುದಿನ ಗುಂಡು ಇಳಿಸಿದೆ. ರಟ್ಟು ತೆರೆಯಿತು, ಮುಚ್ಚಿತು, ಜೋಲಲಿಲ್ಲ. ಹೊಸದರ ಹಾಗೇನೂ ಆಗಿಲ್ಲ, ಆಗೋದೂ ಬೇಡ. ಆಯಿ ಕನ್ನಡಕ ಹಾಕಿಕೊಂಡು ಮುತ್ತಜ್ಜನ ಅಕ್ಷರ ಓದಿದಳು, ಇನ್ನೊಮ್ಮೆ ಓದಿದಳು.

ಇದೊಂದೇ ಪುಸ್ತಕದ ಕತೆಯಲ್ಲ. ಮನೆಯ ಹೆಸರು, ಕೊಂಡ ಜಾತ್ರೆ, ಮಗು ಹುಟ್ಟಿದ ತಿಥಿ, ಕೊಟ್ಟ ಸಾಲ ಎಲ್ಲವನ್ನೂ ನಮ್ಮವರು ಬರೆದದ್ದು ರಟ್ಟಿನ ಒಳಗಿನ ಖಾಲಿ ಹಾಳೆಯಲ್ಲೇ. ಪುಸ್ತಕದಲ್ಲಿ ಮೊದಲು ಸೋಲುವ ಜಾಗವೂ ಅದೇ. ಕಾವ್ಯ ಎಲ್ಲಾದರೂ ಇನ್ನೊಂದು ಪ್ರತಿ ಸಿಕ್ಕೀತು, ಆ ಹಾಳೆಗೆ ಇನ್ನೊಂದು ಪ್ರತಿ ಇಲ್ಲ. ಹೊಸ ಬೈಂಡು ಹಾಕಿಸೋ ಮೊದಲು ಒಮ್ಮೆ ರಟ್ಟು ತೆರೆದು ನೋಡಿ.

ನಾನು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ರಿಪೇರಿ ಮಾಡಿದ ತಾರೀಕು, ಕೆಳಗೆ ‘ಮೈದಾ ಅಂಟು, ನೀರಿಗೆ ಬಿಡುತ್ತದೆ’ ಅಂತ ಬರೆದು ಒಳಗಿಟ್ಟಿದ್ದೇನೆ. ಮುಂದಿನ ಸಲ ಬಿಚ್ಚುವವರಿಗೆ ಬೇಕಾಗುತ್ತೆ.