ನೆರೆ ಇಳಿದ ಮೇಲೆ ಬಸ್ಸು: ರೋಣ, ನರಗುಂದ, ಗಜೇಂದ್ರಗಡಗಳ ಸಾರಿಗೆಯ ಚರಿತ್ರೆ



ನಗರವಾಸಿಗಳಾದ ನಮಗೆ ಬಸ್ಸೆಂಬುದು ದಿನಚರಿಯ ಒಂದು ಸಾಧಾರಣ ಸಂಗತಿ. ಒಂದು ತಪ್ಪಿದರೆ ಮತ್ತೊಂದು ಬರುವುದು. ಆದರೆ ದಿನಕ್ಕೆ ಎರಡೋ ಮೂರೋ ಸಲ ಮಾತ್ರ ಬಸ್ಸನ್ನು ಕಾಣುವ ಹಳ್ಳಿಗೆ ಅದೇ ಹೈಸ್ಕೂಲು, ಅದೇ ಆಸ್ಪತ್ರೆ, ಅದೇ ಸಂತೆ, ಅದೇ ಕಚೇರಿ. ಅದು ನಿಂತ ದಿನ ಇವೆಲ್ಲವೂ ಒಮ್ಮೆಲೇ ಬಾಗಿಲು ಹಾಕಿದಂತಾಗುವುದು. ಈ ದೃಷ್ಟಿಯಿಂದ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಎಂಬ ಮೂರು ಊರುಗಳ ಸಾರಿಗೆಯ ಚರಿತ್ರೆಯನ್ನು ಈ ಹೊತ್ತು ಸಂಕ್ಷೇಪವಾಗಿ ವಿಚಾರಿಸೋಣ. ವಿಪತ್ತು ಒದಗಿದಾಗ ಅಲ್ಲಿ ಸಾರಿಗೆಯು ಹೇಗೆ ಕಡಿಯಿತು, ಮತ್ತೆ ಹೇಗೆ ಕೂಡಿಕೊಂಡಿತು, ಎಲ್ಲಿ ಕೂಡಿಕೊಳ್ಳದೆ ಹೋಯಿತು ಎಂಬುದೇ ನಮ್ಮ ಪ್ರಸ್ತುತ ವಿಷಯ.

ಮೊದಲು ನೆಲದ ಸ್ವರೂಪವನ್ನು ನೋಡಬೇಕು. ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 304 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯು ನರಗುಂದ ಮತ್ತು ರೋಣ ತಾಲ್ಲೂಕುಗಳ ಉತ್ತರದ ಅಂಚನ್ನು ಹಿಡಿದು ಸಾಗುವುದು. ಹುಬ್ಬಳ್ಳಿ, ನವಲಗುಂದಗಳ ಕಡೆಯ ಮಳೆಯ ನೀರನ್ನೆಲ್ಲ ಹೊತ್ತು ಬರುವ ಬೆಣ್ಣೆಹಳ್ಳವು ಈ ಎರಡು ಊರುಗಳ ನಡುವೆ ಹಾದು, ಮೆಣಸಗಿಯ ಹತ್ತಿರ ಮಲಪ್ರಭೆಯನ್ನು ಕೂಡುವುದು. ಇವೆರಡರ ನಡುವಣ ಭೂಮಿಯು ಎರಿ ಭೂಮಿ. ಬೇಸಗೆಯಲ್ಲಿ ಅದು ಅಗಲವಾಗಿ ಬಿರಿಯುವುದು. ಮಳೆಗಾಲದಲ್ಲಿ ಉಬ್ಬಿ, ಗಾಲಿಯನ್ನು ನುಂಗುವ ಕೆಸರಾಗುವುದು. ಬಿರಿದು ಉಬ್ಬುವ ಇಂಥ ನೆಲದ ಮೇಲೆ ಹಾಸಿದ ರಸ್ತೆಯು ನೆರೆಯಿಲ್ಲದ ವರ್ಷದಲ್ಲಿಯೂ ಅಲುಗುತ್ತಿರುವುದು. ಇನ್ನು ಗಜೇಂದ್ರಗಡವಾದರೋ ಪೂರ್ವದಲ್ಲಿ, ನದಿಗೆ ದೂರವಾಗಿ, ಕಲ್ಲುಗುಡ್ಡಗಳ ಮಗ್ಗುಲಿನಲ್ಲಿದೆ. ಒಂದೇ ಸೀಮೆಯ ಮೂರು ಊರುಗಳಾದರೂ ನೀರಿನ ಮುಂದೆ ಮೂರರ ಪಾಡೂ ಒಂದೇ ಅಲ್ಲ.

ಈ ಸೀಮೆಯ ಸಾರಿಗೆಯನ್ನು ಮೊದಲು ಮುರಿದದ್ದು ನೀರಲ್ಲ, ನೀರಿನ ಅಭಾವ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮಳೆ ಹೋಯಿತು, ಬೆಳೆ ಹೋಯಿತು, ಅವುಗಳೊಡನೆ ಮೇವೂ ಹೋಯಿತು. ಆ ಕಾಲದ ಸಾರಿಗೆಗೆ ಎತ್ತೇ ಯಂತ್ರ, ಮೇವೇ ಇಂಧನ. ಎತ್ತುಗಳು ಸತ್ತುದರಿಂದ ಗಾಡಿಗಳು ನಿಂತವು. ಗಾಡಿಗಳು ನಿಂತುದರಿಂದ ಬೇರೆ ಕಡೆ ಧಾನ್ಯವಿದ್ದರೂ ಅದು ಹಸಿದವರನ್ನು ಮುಟ್ಟುವುದು ದುಸ್ತರವಾಯಿತು. ಇದನ್ನು ಕಂಡ ಮೇಲೆ 1880ರ ಕ್ಷಾಮ ಆಯೋಗವು ಬರಪೀಡಿತ ಸೀಮೆಗಳಿಗೆ ರೈಲುಮಾರ್ಗಗಳು ಅವಶ್ಯಕವೆಂದು ಸೂಚಿಸಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪಿತವಾಗಿ, 1884ರ ಹೊತ್ತಿಗೆ ಗದಗಿನಿಂದ ಹೋಟಗಿಯವರೆಗೆ ಮೀಟರ್ ಗೇಜ್ ಮಾರ್ಗವು ಸಿದ್ಧವಾಯಿತು. ರೋಣಕ್ಕೆ ಸಮೀಪದ ಮಲ್ಲಾಪುರ ಮತ್ತು ಮಲಪ್ರಭೆಯ ದಡದ ಹೊಳೆ ಆಲೂರು ಈ ಮಾರ್ಗದ ನಿಲ್ದಾಣಗಳು. ಒಂದು ವಿಪತ್ತಿನಿಂದ ಕಲಿತ ಪಾಠವು ಹೀಗೆ ಕಬ್ಬಿಣದ ಹಳಿಯಾಗಿ ನೆಲದ ಮೇಲೆ ಉಳಿಯಿತು. ಆದರೆ ಆ ಹಳಿಯು ನರಗುಂದಕ್ಕಾಗಲಿ ಗಜೇಂದ್ರಗಡಕ್ಕಾಗಲಿ ಬರಲಿಲ್ಲ. ಆ ಊರುಗಳಿಗೂ ಸುತ್ತಣ ಹಳ್ಳಿಗಳಿಗೂ ರಸ್ತೆಯೊಂದೇ ಗತಿಯಾಯಿತು.

ರಸ್ತೆಯ ಮೇಲೆ ಎತ್ತಿನ ಗಾಡಿಯ ಜಾಗವನ್ನು ಕ್ರಮೇಣ ಖಾಸಗಿಯವರ ಸರ್ವಿಸು ಮೋಟಾರುಗಳು ಹಿಡಿದವು. ಧಾರವಾಡ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತಾದುದರಿಂದ ಸರಕಾರೀ ಬಸ್ಸಿನ ವ್ಯವಸ್ಥೆಯೂ ಆ ಕಡೆಯಿಂದಲೇ ಬಂದಿತು. ಮುಂಬಯಿ ಸರಕಾರವು 1948ರ ಜೂನ್ ತಿಂಗಳಲ್ಲಿ ಬಸ್ ಸಂಚಾರವನ್ನು ತಾನೇ ನಡೆಸಲಾರಂಭಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈಸೂರು ಸರಕಾರವೂ 120 ಬಸ್ಸುಗಳೊಡನೆ ತನ್ನ ಸಾರಿಗೆ ಇಲಾಖೆಯನ್ನು ತೆರೆಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಎರಡು ಪ್ರವಾಹಗಳೂ ಒಂದಾಗುವ ಹಾದಿ ತೆರೆಯಿತು. 1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. 1973ರಲ್ಲಿ ರಾಜ್ಯದ ಹೆಸರಿನೊಡನೆ ಸಂಸ್ಥೆಯ ಹೆಸರೂ ಬದಲಾಯಿತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಬೇರೆಯಾಯಿತು. ಗದಗ ಜಿಲ್ಲೆಯು ರೂಪುಗೊಂಡುದೂ ಅದೇ ವರ್ಷ. ರೋಣ, ನರಗುಂದ, ಗಜೇಂದ್ರಗಡ ಮೂರರಲ್ಲಿಯೂ ಈ ಸಂಸ್ಥೆಯ ಡಿಪೊಗಳಿವೆ. ಅವುಗಳಿಂದ ಸಂಜೆ ಹೊರಟು, ಹಳ್ಳಿಯಲ್ಲಿ ರಾತ್ರಿ ತಂಗಿ, ನಸುಕಿನಲ್ಲಿ ಜನರನ್ನು ತುಂಬಿಕೊಂಡು ಮರಳುವ ವಸ್ತಿ ಬಸ್ಸು ಈ ನಾಡಿನ ಜೀವನದ ಒಂದು ಅಂಗವೇ ಆಗಿದೆ.

ಈ ಊರುಗಳಲ್ಲಿ ಟ್ರಾಂ ಗಾಡಿಯು ಎಂದೂ ಓಡಿದುದಲ್ಲ. ಆದರೂ ಟ್ರಾಮಿನ ವಿಚಾರವು ಇಲ್ಲಿ ಅಪ್ರಸ್ತುತವಲ್ಲ. ಪ್ರಾಂತದ ರಾಜಧಾನಿಯಾಗಿದ್ದ ಮುಂಬಯಿಯಲ್ಲಿ 1874ರಲ್ಲಿ ಕುದುರೆ ಎಳೆಯುವ ಟ್ರಾಮೂ 1907ರಲ್ಲಿ ವಿದ್ಯುತ್ ಟ್ರಾಮೂ ಬಂದವು. 1964ರ ಮಾರ್ಚ್ 31ರಂದು ಅವು ಶಾಶ್ವತವಾಗಿ ನಿಂತವು. ಟ್ರಾಮಿಗೆ ಹಳಿಯೇ ಬಂಧನ. ಮುಂದಿನ ಗಾಡಿ ಕೆಟ್ಟು ನಿಂತರೆ ಹಿಂದಿನದು ಪಕ್ಕಕ್ಕೆ ಸರಿದು ಹೋಗಲಾರದು. ಬಸ್ಸು ಹಾಗಲ್ಲ, ಒಂದು ಬೀದಿ ಮುಚ್ಚಿದರೆ ಇನ್ನೊಂದು ಬೀದಿಯನ್ನು ಹಿಡಿಯುವುದು ಎಂಬುದು ಎಲ್ಲರೂ ಒಪ್ಪಿದ ಮಾತು. ನಗರದಲ್ಲಿ ಈ ಮಾತು ನಿಜ. ಮಲಪ್ರಭೆಯ ತೀರದಲ್ಲಿ ಮಾತ್ರ ಅದು ಅರ್ಧ ನಿಜ. ಏಕೆಂದರೆ ನರಗುಂದದಿಂದ ಬಾದಾಮಿಯ ಕಡೆಗೆ ಹೋಗುವ ಬಸ್ಸು ಕೊಣ್ಣೂರಿನ ಬಳಿ ಹೊಳೆಯನ್ನು ದಾಟಬೇಕು. ರೋಣದ ಕಡೆಯಿಂದ ಹೋಗುವುದೂ ಅದೇ ಹೊಳೆಯನ್ನು ದಾಟಬೇಕು. ರೋಣ, ನರಗುಂದಗಳ ನಡುವೆಯೋ ಬೆಣ್ಣೆಹಳ್ಳವು ಅಡ್ಡಲಾಗಿದೆ. ಹೊಳೆಯೂ ಹಳ್ಳವೂ ಒಟ್ಟಿಗೆ ಬಂದರೆ ಸುತ್ತುದಾರಿಯೂ ಮುಖ್ಯದಾರಿಯೊಡನೆ ಮುಳುಗುವುದು. ಹಳಿಯಿಲ್ಲದ ಬಸ್ಸಿಗೆ ಸೇತುವೆಯೇ ಹಳಿಯಾಗಿ ಪರಿಣಮಿಸುವುದು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಇದು ಪ್ರತ್ಯಕ್ಷವಾಯಿತು. ಮುಂಗಾರು ಮುಗಿಯಿತೆಂದು ಜನರು ನೆಮ್ಮದಿಯಿಂದಿದ್ದ ಹೊತ್ತಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆಯು ಇನ್ನೂರಕ್ಕೂ ಹೆಚ್ಚು ಜನರ ಪ್ರಾಣವನ್ನು ತೆಗೆದುಕೊಂಡಿತು. ಮಲಪ್ರಭೆಗೆ ನವಿಲುತೀರ್ಥದಲ್ಲಿ 37.73 ಟಿಎಂಸಿ ನೀರು ಹಿಡಿಯುವ ಅಣೆಕಟ್ಟಿದೆ. ಬೆಣ್ಣೆಹಳ್ಳಕ್ಕೆ ಅಂಥ ತಡೆಯಿಲ್ಲ. ಅಣೆಕಟ್ಟಾದ ಮೇಲೆ ಬಹುಕಾಲ ಹೊಳೆಯಲ್ಲಿ ನೀರು ತೆಳುವಾಗಿ ಹರಿದುದರಿಂದ ಪಾತ್ರದಲ್ಲಿ ಹೂಳು ತುಂಬಿತು, ಜಾಲಿ ಬೆಳೆಯಿತು, ಹೊಲಗಳು ದಡವನ್ನು ದಾಟಿ ಒಳಗಿಳಿದವು. ನೀರು ಬಂದಾಗ ಅದಕ್ಕೆ ತನ್ನ ಹಳೆಯ ಹಾದಿ ಸಾಲದೆ ಹೋಯಿತು. ಅದು ಮನುಷ್ಯರ ಹಾದಿಯನ್ನು ಹಿಡಿಯಿತು. ಮೆಣಸಗಿ, ಹೊಳೆ ಮಣ್ಣೂರು, ಗಾಡಗೋಳಿ, ಹೊಳೆ ಆಲೂರು ಮೊದಲಾದ ಹೊಳೆಸಾಲಿನ ಹಳ್ಳಿಗಳು ಸಂಕಟಕ್ಕೀಡಾದವು.

ಅನಂತರದ ಜೀರ್ಣೋದ್ಧಾರದಲ್ಲಿ ಸರಕಾರವೂ ದಾನಿಗಳೂ ಕೂಡಿ 'ಆಸರೆ' ಎಂಬ ಹೆಸರಿನಿಂದ ಎತ್ತರದ ನೆಲದಲ್ಲಿ ಮನೆಗಳನ್ನು ಕಟ್ಟಿಸಿದರು. ಈ ಹೊಸ ನೆಲೆಗಳಿಗೆ ನವಗ್ರಾಮಗಳೆಂದು ಹೆಸರಾಯಿತು. ಉದ್ದೇಶವು ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಲವು ಕಡೆ ಜನರು ಹೊಸ ಮನೆಗೆ ಬೀಗ ಹಾಕಿ ಹಳೆಯ ಊರಿನಲ್ಲಿಯೇ ಉಳಿದರು. ಖಾಲಿ ಮನೆಗಳ ಮುಂದೆ ಜಾಲಿ ಬೆಳೆಯಿತು. ಜನರು ಹಟಮಾರಿಗಳೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹೊಲ, ದನದ ಕೊಟ್ಟಿಗೆ, ದೇವಸ್ಥಾನ, ಅಂಗಡಿ ಎಲ್ಲವೂ ಹಳೆಯ ಊರಿನಲ್ಲಿರುವಾಗ ಮನೆಯೊಂದೇ ಎದ್ದು ಬೇರೆಡೆಗೆ ಹೋದರೆ ಅದು ಊರಾಗಲಾರದು. ಊರೆಂಬುದು ಮನೆಗಳ ಸಾಲಲ್ಲ, ಹೋಗಿಬರುವ ದಾರಿಗಳ ಕೂಟ. ಮನೆಯನ್ನು ಸ್ಥಳಾಂತರಿಸುವವರು ದಾರಿಯನ್ನೂ ಬಸ್ಸಿನ ನಿಲುಗಡೆಯನ್ನೂ ಅದರೊಡನೆಯೇ ಸ್ಥಳಾಂತರಿಸಬೇಕು.

ಹತ್ತು ವರ್ಷಗಳ ಬಳಿಕ, 2019ರ ಆಗಸ್ಟಿನಲ್ಲಿ, ಹೊಳೆಯು ಮತ್ತೆ ಬಂದಿತು. ಈ ಸಲ ಅಣೆಕಟ್ಟು ತುಂಬಿ ಬಿಟ್ಟ ನೀರೇ ಪ್ರಬಲವಾಗಿತ್ತು. ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ವಾಸನ ಮೊದಲಾದ ಊರುಗಳನ್ನು ನೀರು ಸುತ್ತುವರಿಯಿತು. ಕೊಣ್ಣೂರಿನ ಬಳಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯು ಕೊಚ್ಚಿಹೋಗಿ ಸಂಚಾರವು ಕಡಿಯಿತು. ಹತ್ತು ವರ್ಷ ಬೀಗ ಹಾಕಿದ್ದ ನವಗ್ರಾಮಗಳ ಮನೆಗಳನ್ನು ಹುಡುಕಿಕೊಂಡು ಜನರು ಬಂದರು. ಇದರಿಂದ ಒಂದು ವಿಷಯ ಸ್ಪಷ್ಟವಾಯಿತು: ನೀರು ಬಂದಾಗ ಜನರಿಗೆ ಎತ್ತರದ ನೆಲ ಬೇಕು, ನೀರು ಇಳಿದಾಗ ಬದುಕು ಬೇಕು. ಇವೆರಡನ್ನೂ ಕೂಡಿಸಬಲ್ಲದ್ದು ಪ್ರತಿದಿನ ತಪ್ಪದೆ ಓಡುವ ಬಸ್ಸು.

ಬಸ್ಸು ಮತ್ತೆ ಓಡಿತೆಂಬುದರ ಅರ್ಥವೇನೆಂದು ತಿಳಿಯಲು ದೂರದ ಒಂದು ನಿದರ್ಶನವನ್ನು ನೋಡಬಹುದು. ಜಪಾನಿನ ಹಿರೋಶಿಮಾ ನಗರದ ಮೇಲೆ 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಿತು. ಮೂರೇ ದಿನಗಳಲ್ಲಿ, ಆಗಸ್ಟ್ 9ರಂದು, ಆ ಭಸ್ಮರಾಶಿಯ ನಡುವೆ ಟ್ರಾಂ ಮಾರ್ಗದ ಒಂದು ತುಂಡಿನಲ್ಲಿ ಗಾಡಿಯು ಮತ್ತೆ ಸಂಚರಿಸಿತು. ಆ ತುಂಡು ಹಾದಿಯಿಂದ ಎಷ್ಟು ಜನರಿಗೆ ಪ್ರಯೋಜನವಾಯಿತೆಂಬುದು ಮುಖ್ಯವಲ್ಲ. ನಗರವು ಸತ್ತಿಲ್ಲವೆಂದು ಅದು ಸಾರಿತು. ಮಲಪ್ರಭೆಯ ನೆರೆಯನ್ನು ಅದಕ್ಕೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಆದರೆ ಕೆಸರು ತುಂಬಿದ ಹಳ್ಳಿಯ ಅಗಸೆಯ ಮುಂದೆ ಮೊದಲ ಬಸ್ಸು ಬಂದು ನಿಂತಾಗ ಅದೂ ಇಂಥದೇ ವಾರ್ತೆಯನ್ನು ತರುವುದು. 2020ರಲ್ಲಿ ಕೋವಿಡ್ ವ್ಯಾಧಿಯಿಂದಾಗಿ ಮಾರ್ಚಿನಲ್ಲಿ ನಿಂತ ಬಸ್ಸುಗಳು ಮೇ 19ರಂದು, ಬಸ್ಸೊಂದಕ್ಕೆ 30 ಜನರೆಂಬ ಮಿತಿಯೊಡನೆ, ಮತ್ತೆ ಹೊರಟವು. ಆಗ ರಸ್ತೆ ಕೆಟ್ಟಿರಲಿಲ್ಲ, ಸೇತುವೆ ಬಿದ್ದಿರಲಿಲ್ಲ; ಆದರೂ ಬಸ್ಸು ಹೊರಟ ದಿನವೇ ನಾಡು ಚೇತರಿಸಿಕೊಳ್ಳುತ್ತಿದೆಯೆಂಬ ಭಾವನೆ ಜನರಲ್ಲಿ ಮೂಡಿತು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ಅಂಶಗಳು ಮೂರು. ಒಂದನೆಯದಾಗಿ, ಎರಿ ನಾಡಿನಲ್ಲಿ ರಸ್ತೆಯನ್ನು ಎತ್ತರಿಸಿದರಷ್ಟೇ ಸಾಲದು. ನೀರು ಹಾಯಲು ಸಾಕಷ್ಟು ಕಂಡಿಗಳನ್ನು ಬಿಡದಿದ್ದರೆ ಎತ್ತರಿಸಿದ ರಸ್ತೆಯೇ ಒಡ್ಡಾಗಿ ಮೇಲಣ ಊರನ್ನು ಮುಳುಗಿಸುವುದು. ಎರಡನೆಯದಾಗಿ, ನೆರೆ ಬರುವ ಮೊದಲೇ ಮೂರು ಡಿಪೊಗಳೂ ಕೂಡಿ ಯಾವ ಸೇತುವೆ ಮುಚ್ಚಿದರೆ ಯಾವ ಬಸ್ಸು ಎಲ್ಲಿಯವರೆಗೆ ಓಡಬೇಕೆಂದು ಗೊತ್ತುಮಾಡಿ, ಅದನ್ನು ಹಳ್ಳಿಯ ಜನರಿಗೂ ತಿಳಿಸಿರಬೇಕು. ಹೊಳೆಗೆ ದೂರವಾದ ಗಜೇಂದ್ರಗಡಕ್ಕೆ ಇಂಥ ಸಮಯದಲ್ಲಿ ವಿಶೇಷ ಹೊಣೆಯಿದೆ. ಮೂರನೆಯದಾಗಿ, ಹೊಸ ನೆಲೆಯ ನಕ್ಷೆಯಲ್ಲಿ ಮನೆಗಳ ಸಾಲನ್ನು ಬರೆಯುವ ಮೊದಲೇ ಬಸ್ಸು ಬಂದು ತಿರುಗುವ ಜಾಗವನ್ನು ಗುರುತಿಸಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಸ್ತ್ರೀಯರಿಗೆ ಸರಕಾರೀ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲದೆ ಪ್ರಯಾಣವು ದೊರೆತುದರಿಂದ ಬಸ್ಸನ್ನು ನೆಚ್ಚಿದವರ ಸಂಖ್ಯೆಯು ಇನ್ನೂ ಬೆಳೆದಿದೆ. ನೆಚ್ಚಿಕೆ ಬೆಳೆದಂತೆ ಹೊಣೆಯೂ ಬೆಳೆಯುವುದು. ವಿಪತ್ಪರಿಹಾರದ ಲೆಕ್ಕವನ್ನು ನಾವು ಸಾಮಾನ್ಯವಾಗಿ ಹಂಚಿದ ಹಣದಿಂದಲೂ ಕಟ್ಟಿದ ಮನೆಗಳಿಂದಲೂ ಅಳೆಯುತ್ತೇವೆ. ಮೆಣಸಗಿಯಲ್ಲಿಯೋ ಲಖಮಾಪುರದಲ್ಲಿಯೋ ವಾಸಿಸುವ ಹುಡುಗಿಯೊಬ್ಬಳಿಗೆ ಆ ಅಳತೆಯಿಂದ ಪ್ರಯೋಜನವಿಲ್ಲ. ನಸುಕಿನ ಬಸ್ಸು ಅದರ ಹೊತ್ತಿಗೆ ಬಂದು, ಶಾಲೆಯ ಗಂಟೆಯಾಗುವುದರೊಳಗೆ ಅವಳನ್ನು ಪೇಟೆಗೆ ಮುಟ್ಟಿಸಿದ ದಿನವೇ ಅವಳ ಪಾಲಿಗೆ ನೆರೆ ಇಳಿದ ದಿನ.