ಎಕ್ಸ್‌ಮಸ್ ಎಂದು ಬರೆದರೆ ಕ್ರಿಸ್ತನ ಹೆಸರನ್ನು ಅಳಿಸಿದಂತೆಯೇ?

ಡಿಸೆಂಬರ್ ಬಂತೆಂದರೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಬೇಕರಿಗಳ ಮುಂದೆ ಕೇಕ್‌ನ ಬೋರ್ಡುಗಳು ಕಾಣಿಸಿಕೊಳ್ಳುತ್ತವೆ. ಜಾಗ ಉಳಿಸಲು ಕೆಲವರು ಇಂಗ್ಲಿಷಿನಲ್ಲಿ ಕ್ರಿಸ್‌ಮಸ್ ಎಂದು ಪೂರ್ತಿ ಬರೆಯದೆ, ಎಕ್ಸ್ ಅಕ್ಷರ ಹಾಕಿ ‘ಮಸ್’ ಸೇರಿಸುತ್ತಾರೆ. ಅದೇ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶವೂ ಓಡಾಡುತ್ತದೆ: ಗಣಿತದಲ್ಲಿ ಎಕ್ಸ್ ಎಂದರೆ ‘ಗೊತ್ತಿಲ್ಲದ್ದು’, ಹಬ್ಬದಿಂದ ಕ್ರಿಸ್ತನನ್ನು ಹೊರಹಾಕುವ ಸಂಚಿದು, ಹೀಗೆ ಬರೆದ ಶುಭಾಶಯವನ್ನು ಒಪ್ಪಬೇಡಿ. ಶುಭ ಕೋರಿದ ಪಕ್ಕದ ಮನೆಯವರು ಕ್ರೈಸ್ತರಲ್ಲದಿದ್ದರಂತೂ ಅನುಮಾನ ಇನ್ನಷ್ಟು ಹೆಚ್ಚುತ್ತದೆ. ಪ್ರೀತಿಯಿಂದ ಕಳಿಸಿದ ಕಾರ್ಡು ಅವಮಾನವೆನಿಸಬಾರದಲ್ಲ, ಹಾಗಾಗಿ ಇದನ್ನು ಬಿಡಿಸಿ ನೋಡೋಣ.

ಮೂಲದಲ್ಲಿ ಈ ಎಕ್ಸ್ ಇಂಗ್ಲಿಷ್ ಅಕ್ಷರವೇ ಅಲ್ಲ. ಹೊಸ ಒಡಂಬಡಿಕೆ ಬರೆಯಲ್ಪಟ್ಟದ್ದು ಗ್ರೀಕ್ ಭಾಷೆಯಲ್ಲಿ. ಅದರಲ್ಲಿ ಕ್ರಿಸ್ತ ‘ಖ್ರಿಸ್ತೋಸ್’, ಅಂದರೆ ಅಭಿಷಿಕ್ತ. ಆ ಪದದ ಮೊದಲ ಅಕ್ಷರ ‘ಖೀ’ ನೋಡಲು ಇಂಗ್ಲಿಷಿನ ಎಕ್ಸ್‌ನಂತೆಯೇ ಇದೆ. ಹಳೆಯ ಗ್ರೀಕಿನಲ್ಲಿ ಅದರ ಉಚ್ಚಾರ ಹೆಚ್ಚುಕಡಿಮೆ ನಮ್ಮ ‘ಖ’. ಮಹಾಪ್ರಾಣ ಇರುವ ಕನ್ನಡಿಗರಿಗೆ ಇದು ಇಂಗ್ಲಿಷರಿಗಿಂತ ಬೇಗ ಅರ್ಥವಾಗಬೇಕು! ಆದ್ದರಿಂದ ಎಕ್ಸ್ ಇಲ್ಲಿ ಕ್ರಿಸ್ತನ ಹೆಸರಿನ ಮೊದಲಕ್ಷರ. ಕೆಲವರು ಹೇಳುವಂತೆ ಅದು ಓರೆಯಾಗಿ ಬರೆದ ಶಿಲುಬೆಯೂ ಅಲ್ಲ.

ಹೀಗೆ ಚುಟುಕಾಗಿ ಬರೆದವರು ಕ್ರೈಸ್ತರೇ. ‘ಖೀ’ ಮತ್ತು ಅದರ ಮುಂದಿನ ‘ರೋ’ ಅಕ್ಷರಗಳನ್ನು ಒಂದರ ಮೇಲೊಂದು ಬರೆದ ಚಿಹ್ನೆ 4ನೇ ಶತಮಾನದ ರೋಮನ್ ನಾಣ್ಯಗಳಲ್ಲೇ ಇದೆ. ಚರ್ಮದ ಹಾಳೆ ದುಬಾರಿಯಾಗಿದ್ದ ಕಾಲದಲ್ಲಿ ಕೈಬರಹದ ಸನ್ಯಾಸಿಗಳಿಗೆ ಇಂಥ ಸಂಕ್ಷೇಪಗಳು ನಿತ್ಯದ ರೂಢಿ. ಸುಮಾರು 1100ರ ಹೊತ್ತಿಗೆ ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನಲ್ಲಿ ಹಬ್ಬದ ಹೆಸರು ಈ ಅಕ್ಷರದಿಂದಲೇ ಶುರುವಾಗುತ್ತದೆ. ಕವಿ ಬೈರನ್ 1811ರಲ್ಲಿ ಇದನ್ನು ಬಳಸಿದ್ದಾನೆ. ಗಣಿತದ ‘ಗೊತ್ತಿಲ್ಲದ ಎಕ್ಸ್’ ಪ್ರಚಾರಕ್ಕೆ ಬಂದದ್ದು ದೆಕಾರ್ತನ 1637ರ ಪುಸ್ತಕದಿಂದ. ಐನೂರು ವರ್ಷ ತಡವಾಗಿ ಬಂದದ್ದು ಮೊದಲಿನದರ ಅರ್ಥ ಹೇಗಾದೀತು? ಇನ್ನು ‘ಮಸ್’ ಎಂಬುದು ಚರ್ಚಿನ ಬಲಿಪೂಜೆಯ ಹೆಸರು.

ಇದೇ ಜಾತಿಯ ಇನ್ನೊಂದು ಗೊಂದಲ ಕಥೋಲಿಕ ದೇವಾಲಯಗಳ ಪೀಠದ ಮೇಲೆ ಕಾಣುವ ‘ಐ ಎಚ್ ಎಸ್’. ಅದಕ್ಕೆ ಬಗೆಬಗೆಯ ಇಂಗ್ಲಿಷ್ ವಾಕ್ಯಗಳನ್ನು ಹೊಂದಿಸಿ ಹೇಳುವವರಿದ್ದಾರೆ. ಅದು ಗ್ರೀಕಿನಲ್ಲಿ ಬರೆದ ಯೇಸುವಿನ ಹೆಸರಿನ ಮೊದಲ ಮೂರಕ್ಷರ, ಅಷ್ಟೇ.

ನಾವೂ ಮಾಡುವುದು ಇದನ್ನೇ. ‘ಕ್ರಿ.ಶ.’ ಎಂದು ಬರೆದಾಗ ಕ್ರಿಸ್ತನನ್ನು ಕತ್ತರಿಸಿದೆವೆಂದು ಯಾರೂ ಜಗಳಕ್ಕೆ ಬರುವುದಿಲ್ಲ. ಮದುವೆ ಕರೆಯೋಲೆಯ ‘ಚಿ.’ ನೋಡಿ ವರನ ಆಯುಷ್ಯ ಮೊಟಕಾಯಿತೆಂದು ಯಾವ ಅಜ್ಜಿಯೂ ಹೆದರಿಲ್ಲ.

ಕೊಡಗಿನಲ್ಲಿ ಇದಕ್ಕಿಂತ ಒಳ್ಳೆಯ ಉತ್ತರವೂ ಇದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟದ್ದರಿಂದ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ 1792ರಲ್ಲಿ ಆರಂಭವಾಯಿತು. ಇಲ್ಲಿನ ಕೊಂಕಣಿ ಮಾತಿನ ಕಥೋಲಿಕರಿಗೆ ಈ ಹಬ್ಬ ‘ನತಾಲಾಂ’. ಪೋರ್ಚುಗೀಸ್ ಮೂಲದ ಈ ಪದಕ್ಕೆ ‘ಜನನ’ ಎಂದಷ್ಟೇ ಅರ್ಥ. ಅದರಲ್ಲಿ ಕ್ರಿಸ್ತನ ಹೆಸರೇ ಇಲ್ಲ. ಹಾಗೆಂದು ಕುಸ್ವಾರ್ ತಟ್ಟೆ ಹಿಡಿದು ನೆರೆಮನೆಗೆ ಹೋಗುವವರ ಭಕ್ತಿ ಕಡಿಮೆಯಾಗಿಲ್ಲ.

ಬಳಸುವಾಗ ಎರಡು ವಿಷಯ ಗಮನಿಸಿ. ಆಮಂತ್ರಣ, ಅಧಿಕೃತ ಪತ್ರಗಳಲ್ಲಿ ಪೂರ್ತಿ ಪದವೇ ಚೆನ್ನ. ಕೆಲವು ಹಿರಿಯರಿಗೆ ಸಂಕ್ಷೇಪ ನಿಜಕ್ಕೂ ಇಷ್ಟವಾಗುವುದಿಲ್ಲ. ಇನ್ನು, ಬರಹದಲ್ಲಿ ಎಕ್ಸ್ ಇದ್ದರೂ ಓದುವಾಗ ‘ಕ್ರಿಸ್‌ಮಸ್’ ಎಂದೇ ಓದಿ. ಕನ್ನಡ ಲಿಪಿಯಲ್ಲಿ ‘ಎಕ್ಸ್‌ಮಸ್’ ಎಂದು ಬರೆದರೆ ಗ್ರೀಕ್ ಅಕ್ಷರದ ಆಕಾರವೂ ಉಳಿಯುವುದಿಲ್ಲ, ಜಾಗವೂ ಉಳಿತಾಯವಾಗುವುದಿಲ್ಲ.